ವೀಣೆ ತೆಗೆದುಕೊಂಡು ವಿಮಾನ: ಹೋಲ್ಡಾ, ಸೀಟಾ? ತಂತಿ ಎಷ್ಟು ಇಳಿಸಬೇಕು?

ಅನುಮಂದ್ರ (ಚರ್ಚೆ ಆರಂಭ)
ಏಪ್ರಿಲ್‌ನಲ್ಲಿ ಬೆಂಗಳೂರಿಂದ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆಗೆ ವೀಣೆ ಹೋಗಬೇಕು. ಹಲಸಿನ ಮರದ್ದು, ಏಕಾಂಡ (ಒಂದೇ ಮರದಲ್ಲಿ ಕೆತ್ತಿದ್ದು) ಅಲ್ಲ, ಕೊಡ (ನಾದದ ದುಂಡು ಭಾಗ) ಬೇರೆ ದಂಡಿ (ಉದ್ದನೆ ಕತ್ತು) ಬೇರೆ ಮಾಡಿ ಜೋಡಿಸಿದ್ದು. ಉದ್ದ 50 ಇಂಚು, ಕೊಡದ ಅಗಲ 15 ಇಂಚು, ತೂಕ ಏಳೂವರೆ ಕೆ.ಜಿ. ದಂಡಿ ಅಡಿಯ ಸೋರೆಬುರುಡೆ ತಿರುಗಿಸಿದರೆ ಕಳಚುತ್ತೆ. ಈಗಿರೋದು 10 ಕೆ.ಜಿ.ಯ ಫೈಬರ್ ಪೆಟ್ಟಿಗೆ, ಒಳಗೆ ಮಾಮೂಲಿ ಸ್ಪಂಜು.

ಪ್ರಶ್ನೆ ಮೂರು. ಚೆಕ್-ಇನ್ ಮಾಡಿ ಹೋಲ್ಡಿಗೆ (ವಿಮಾನದ ಹೊಟ್ಟೆಯ ಸಾಮಾನು ಜಾಗ) ಹಾಕೋದಾ, ಇನ್ನೊಂದು ಸೀಟು ಕೊಳ್ಳೋದಾ? ತಂತಿ ಪೂರ್ತಿ ಬಿಚ್ಚಬೇಕಾ? ಮೇಣ ಬಿಟ್ಟು ಮೆಟ್ಟಿಲು (ದಂಡಿ ಮೇಲಿನ ಹಿತ್ತಾಳೆ ಪಟ್ಟಿ) ಏಳದ ಹಾಗೆ ಏನು ಮಾಡಬೇಕು? "ಫ್ರೆಜೈಲ್ ಸ್ಟಿಕರ್ ಅಂಟಿಸಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಹಲಸಿನ_ತೊಳೆ
ಫ್ರೆಜೈಲ್ ಸ್ಟಿಕರ್ ಅಂಟಿಸಿ 😀

ಬಿರಡೆ_ತಿರುವು
ಮೊದಲು ವೀಣೆ ಎಲ್ಲಿ ಮುರಿಯುತ್ತೆ ಅಂತ ನೋಡಿ, ಆಮೇಲೆ ಪೆಟ್ಟಿಗೆ ಮಾತು. ಹೊರಗಿಂದ ಏಟು ಬಿದ್ದು ಮುರಿಯೋದು ಕಡಿಮೆ. ಪೆಟ್ಟಿಗೆ ಹಾಗೇ ಇರುತ್ತೆ, ಒಂದು ಗೀರೂ ಇರಲ್ಲ, ತೆರೆದರೆ ಕೊಡ-ದಂಡಿ ಕೂಡೋ ಜಾಗದಲ್ಲಿ ಬಿರುಕು. ಕಾರಣ ಇಷ್ಟೇ: ಕೊಡ ಸ್ಪಂಜಿನ ಗುಂಡಿಯಲ್ಲಿ ಬಿಗಿಯಾಗಿ ಕೂತಿರುತ್ತೆ, ದಂಡಿ ಮತ್ತು ಯಾಳಿ (ತುದಿಯ ಕೆತ್ತನೆ ತಲೆ) ಗಾಳಿಯಲ್ಲಿ ಚಾಚಿಕೊಂಡಿರುತ್ತೆ. ಪೆಟ್ಟಿಗೆ ಮೂರಡಿಯಿಂದ ಚಪ್ಪಟೆ ಬಿದ್ದರೆ ಕೊಡ ತಕ್ಷಣ ನಿಲ್ಲುತ್ತೆ, ಯಾಳಿ ಇನ್ನೂ ಕೆಳಗೆ ಹೋಗ್ತಾ ಇರುತ್ತೆ. ಆ ಬಾಗುವ ಬಲವೆಲ್ಲ ಬಂದು ಬೀಳೋದು ಜೋಡಣೆ ಮೇಲೆ.

ಹಾಗಾಗಿ ದಂಡಿಗೆ ಎರಡು ಕಡೆ ಆಧಾರ ಬೇಕು:
- ಜೋಡಣೆ ಮುಗಿದ ಕೂಡಲೇ, ಸುಮಾರು 4 ಇಂಚು ಉದ್ದದ ಗಟ್ಟಿ ಫೋಮ್ ತುಂಡು. ದಂಡಿಯ ಅಡಿಯ ದುಂಡಗಿನ ಆಕಾರಕ್ಕೇ ಕತ್ತರಿಸಿರಬೇಕು.
- ಸೋರೆಬುರುಡೆ ಕಳಚಿದ ಜಾಗದಲ್ಲಿ ಇನ್ನೊಂದು ತುಂಡು. ತಿರುಪಿನ ಲೋಹದ ಬಟ್ಟಲು ಫೋಮಿಗೆ ಒತ್ತದ ಹಾಗೆ ಅಲ್ಲೊಂದು ಗುಳಿ ಬಿಡಿ.

ಯಾಳಿಮುಖ ಯಾವುದಕ್ಕೂ ತಾಗಬಾರದು. ಅದರ ಸುತ್ತ ಎಲ್ಲ ದಿಕ್ಕಿಗೂ ಒಂದೂವರೆ ಇಂಚು ಖಾಲಿ ಇರಲಿ. ಯಾಳಿಗೆ ದಿಂಬು ಇಟ್ಟು ಬಿಗಿ ಮಾಡೋದು ತುಂಬ ಜನ ಮಾಡೋ ಕೆಲಸ. ಪೆಟ್ಟಿಗೆ ನೆಟ್ಟಗೆ ಬಿದ್ದಾಗ ಬಿರಡೆ (ತಂತಿ ಬಿಗಿಯೋ ತಿರುಗಣೆ) ಪೆಟ್ಟಿಗೆಯೇ ಒಡೆಯೋದು ಅದರಿಂದಲೇ.

ಮಾಮೂಲಿ ಸ್ಪಂಜು ಸೋಫಾಗೆ ಸರಿ. ಏಳೆಂಟು ಕೆ.ಜಿ. ಬಿದ್ದರೆ ಅದು ತಳಕ್ಕೆ ಚಪ್ಪಟೆಯಾಗಿ ಆಮೇಲೆ ಏನೂ ತಡೆಯಲ್ಲ. ಇಪಿಇ ಫೋಮ್ (ಪಾಲಿಥೀನ್ ಫೋಮ್) ಕೇಳಿ, ಘನಮೀಟರಿಗೆ 30ರಿಂದ 35 ಕೆ.ಜಿ. ಸಾಂದ್ರತೆಯದ್ದು.

ಖರಹರ_22
ಒಪ್ಪಿದೆ, ಒಂದು ಸೇರಿಸ್ತೀನಿ. ಮುಚ್ಚಳದ ಒಳಗಿನ ಪ್ಯಾಡು ಕುದುರೆಗೆ (ಕೊಡದ ಮೇಲೆ ತಂತಿ ಹೊರೋ ಸೇತುವೆ) ತಾಗಬಾರದು, ಮೆಟ್ಟಿಲಿಗೂ ತಾಗಬಾರದು. ಕೊಡದ ಅಂಚನ್ನು ಮಾತ್ರ ಅದು ಹಿಡಿಯಬೇಕು. ಅಂಗಡಿಯಲ್ಲಿ ಸಿಗೋ ಪೆಟ್ಟಿಗೆಗಳಲ್ಲಿ ಮುಚ್ಚಳಕ್ಕೆ ಉದ್ದಕ್ಕೂ ಒಂದೇ ದಪ್ಪದ ಪ್ಯಾಡು ಇರುತ್ತೆ. ಮುಚ್ಚಿದರೆ ಸರಿಯಾಗಿ ಕುದುರೆ ಮೇಲೇ ಬರುತ್ತೆ, ಅದರಡಿ ಕೊಡದ ತೆಳು ಹಲಗೆ. ಬ್ಲೇಡ್ ತಗೊಂಡು ಆ ಭಾಗ ಕತ್ತರಿಸಿ ಹಾಕಿ.

ಪರೀಕ್ಷೆ ಸುಲಭ. ಕುದುರೆ ಮೇಲೊಂದು ಚೂರು ಹಿಟ್ಟಿನ ಉಂಡೆ ಇಟ್ಟು ಪೆಟ್ಟಿಗೆ ಮುಚ್ಚಿ ತೆರೆಯಿರಿ. ಉಂಡೆ ಚಪ್ಪಟೆಯಾಗಿದ್ದರೆ ಪ್ಯಾಡು ತಾಗ್ತಿದೆ ಅಂತ.

ಕಡಲತಡಿ
ಏಕಾಂಡ ವೀಣೆಯಾದ್ರೆ ಈ ಜೋಡಣೆ ರಗಳೆಯೇ ಇಲ್ಲ ಅಲ್ವಾ ಮಾರಾಯ್ರೆ? ಒಂದೇ ಮರ.

ಬಿರಡೆ_ತಿರುವು
ಜೋಡಣೆ ಇಲ್ಲ, ಆದರೆ ಬಾಗುವ ಬಲ ಇದ್ದೇ ಇದೆ. ಏಕಾಂಡದಲ್ಲಿ ಬಿರುಕು ಮರದ ಎಳೆ ಹಿಡಿದು ಉದ್ದಕ್ಕೆ ಓಡುತ್ತೆ, ದುರಸ್ತಿ ಇನ್ನೂ ಕಷ್ಟ. ಜೋಡಣೆ ಬಿಟ್ಟರೆ ಮತ್ತೆ ಅಂಟಿಸಬಹುದು. ವಿಮಾನಕ್ಕೆ ಜೋಡಣೆಯ ವೀಣೆಯೇ ವಾಸಿ ಅನ್ನೋರೂ ಇದ್ದಾರೆ.

ಗಾಯನಸಮಾಜದ_ಹಿಂಬೆಂಚು
ಅಷ್ಟೂ ಬೇಡ. ಪೂರ್ತಿ ತಂತಿ ಬಿಚ್ಚಿ, ಕುದುರೆ ತೆಗೆದು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಡಿ. ವೀಣೆ ಬರೀ ಮರ ಆಗಿಬಿಡುತ್ತೆ, ಏನೂ ಆಗಲ್ಲ.

ಖರಹರ_22
ಸ್ವಾಮಿ, ಇದು ಅಪಾಯದ ಸಲಹೆ. ವೀಣೆಯ ಕುದುರೆಯನ್ನು ಹಲಗೆಗೆ ಅಂಟಿಸಿರಲ್ಲ, ತಂತಿಯ ಒತ್ತಡದಲ್ಲೇ ಅದು ಕೂತಿರೋದು. ತೆಗೆದು ಮತ್ತೆ ಇಡುವಾಗ ಎರಡು ಮಿಲಿಮೀಟರ್ ಆಚೀಚೆ ಆದರೂ ಮೆಟ್ಟಿಲಿನ ಸ್ವರಸ್ಥಾನ ಎಲ್ಲ ತಪ್ಪುತ್ತೆ. 24 ಮೆಟ್ಟಿಲೂ ಮೇಣದಲ್ಲಿ ಕೂತಿವೆ, ಮತ್ತೆ ಮೇಳ ಕಟ್ಟೋಕೆ (ಮೇಣದಲ್ಲಿ ಮೆಟ್ಟಿಲು ಕೂರಿಸೋಕೆ) ಕ್ಲೀವ್‌ಲ್ಯಾಂಡಲ್ಲಿ ಯಾರನ್ನ ಹುಡುಕ್ತೀರಿ? ಪಕ್ಕದ ತಾಳದ ತಂತಿಗಳ ಕಮಾನು ಕುದುರೆಯೂ ಅದಕ್ಕೇ ಸೇರಿಕೊಂಡಿರುತ್ತೆ, ಅದೂ ಸಡಿಲ ಆಗುತ್ತೆ.

ತಂತಿ ಇಳಿಸಿ, ಆದರೆ ಬಿಚ್ಚಬೇಡಿ. ಲೆಕ್ಕ ಹೀಗೆ: ಎಳೆತವು ಶ್ರುತಿಯ ವರ್ಗಕ್ಕೆ ಅನುಗುಣ. ಸಾರಣಿಯನ್ನು (ನುಡಿಸೋ ಮುಖ್ಯ ತಂತಿ) ಒಂದು ಸ್ವರ ಮಾತ್ರ ಇಳಿಸಿದರೆ, ಅಂದರೆ ರಿ-ಸ ಅಂತರ, ಎಳೆತ ಇನ್ನೂ 79% ಉಳಿಯುತ್ತೆ. ಷಡ್ಜದಿಂದ ಕೆಳಗಿನ ಪಂಚಮಕ್ಕೆ ಇಳಿಸಿದರೆ 3:4ರ ವರ್ಗ, 9:16, ಅಂದರೆ 56%. ಇದು ಸರಿಯಾದ ಜಾಗ. ಕುದುರೆ ಹಿಡಿದುಕೊಳ್ಳೋಷ್ಟು ಒತ್ತಡ ಇರುತ್ತೆ, ಜೋಡಣೆ ಮೇಲಿನ ಭಾರ ಹತ್ತಿರ ಹತ್ತಿರ ಅರ್ಧ ಆಗುತ್ತೆ. ಏಳೂ ತಂತಿಗೂ ಇದೇ ಪ್ರಮಾಣ. ಸಾರಣಿ ಇಳಿಸಿ ಅನುಮಂದ್ರ ತಂತಿ ಹಾಗೇ ಬಿಟ್ಟರೆ ಕುದುರೆ ಒಂದು ಕಡೆ ವಾಲುತ್ತೆ.

ಇಳಿಸೋ ಮುಂಚೆ ಕುದುರೆಯ ಎರಡೂ ಕಾಲಿನ ಸುತ್ತ ಮೆತ್ತನೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ಮೇಲಿಂದ ಒಂದು ಫೋಟೊ ತೆಗೆಯಿರಿ. ನಾಗಪಾಶದ (ಕೊಡದ ತುದಿಯಲ್ಲಿ ತಂತಿ ಕಟ್ಟೋ ಜಾಗ) ಮಣಿಗಳನ್ನು ಮುಟ್ಟಬೇಡಿ, ಬಿರಡೆಯಲ್ಲೇ ಇಳಿಸಿ. ತಂತಿ ಮತ್ತು ಮೆಟ್ಟಿಲಿನ ನಡುವೆ ಒಂದು ಪದರ ಹತ್ತಿ ಬಟ್ಟೆ ಸಾಕು, ದಪ್ಪ ಟವೆಲ್ ತುರುಕಬೇಡಿ.

ಗಾಯನಸಮಾಜದ_ಹಿಂಬೆಂಚು
ಕುದುರೆ ವಿಷಯ ಒಪ್ಪಿದೆ. ಆದರೆ ಹೋಲ್ಡಲ್ಲಿ ಗಾಳಿ ಒತ್ತಡ ಇರಲ್ಲ, ಸೊನ್ನೆಗಿಂತ ಕೆಳಗಿನ ಚಳಿ. ಮೇಣ ಅಲ್ಲೇ ಸಿಡಿಯುತ್ತೆ.

ಬೆಲ್ಟ್_ನಂಬರ್_9
ಇದು ಎಲ್ಲ ಕಡೆ ಓಡಾಡೋ ತಪ್ಪು ಮಾಹಿತಿ. ಪ್ರಯಾಣಿಕ ವಿಮಾನದ ಹೋಲ್ಡಿಗೂ ಕ್ಯಾಬಿನ್ನಿನಷ್ಟೇ ಗಾಳಿ ಒತ್ತಡ ಇರುತ್ತೆ. ಎರಡಕ್ಕೂ ಒಂದೇ ಒತ್ತಡದ ಗೂಡು. ಚಳಿ ಇರುತ್ತೆ, ಆದರೆ ಸಾಮಾನ್ಯವಾಗಿ ಹೆಪ್ಪುಗಟ್ಟುವಷ್ಟು ಅಲ್ಲ. ಮೇಣಕ್ಕೆ ನಿಜವಾದ ಶತ್ರು ನೆಲದ ಮೇಲೆ ಇರೋದು: ಟಾರ್ಮ್ಯಾಕ್‌ನಲ್ಲಿ ಬಿಸಿಲಿಗೆ ನಿಂತ ಟ್ರಾಲಿ. ಜೇನುಮೇಣ ಕರಗೋದು 62ರಿಂದ 64 ಡಿಗ್ರಿಗೆ, ಮೆತ್ತಗಾಗೋದು ಅದಕ್ಕಿಂತ ಬಹಳ ಮುಂಚೆ. ಕಪ್ಪು ಬಣ್ಣದ ಫೈಬರ್ ಪೆಟ್ಟಿಗೆ ಬೇಸಿಗೆಯಲ್ಲಿ ಕೊಲ್ಲಿ ದೇಶದ ಏರ್‌ಪೋರ್ಟಲ್ಲಿ ಒಂದು ಗಂಟೆ ನಿಂತರೆ ಒಳಗೆ ಮೇಣ ಸಾಕಷ್ಟು ಮೆದುವಾಗುತ್ತೆ. ಆಗ ಪ್ಯಾಡು ಮೆಟ್ಟಿಲು ಒತ್ತುತ್ತಿದ್ದರೆ ಮೆಟ್ಟಿಲು ಕುಸಿಯುತ್ತೆ. ಖರಹರ ಹೇಳಿದ್ದು ಅದಕ್ಕೇ ಮುಖ್ಯ.

ಚಳಿಯಲ್ಲಿ ಮೇಣ ಗಡುಸಾಗುತ್ತೆ, ಆ ಹೊತ್ತಿಗೆ ಏಟು ಬಿದ್ದರೆ ಮೆಟ್ಟಿಲು ಟಪ್ ಅಂತ ಏಳುತ್ತೆ. ಬರೀ ಚಳಿಗೆ ಏಳಲ್ಲ.

ಪರಿಹಾರ: ಪೆಟ್ಟಿಗೆಗೆ ಬಿಳಿ ಅಥವಾ ತಿಳಿ ಬೂದು ಬಣ್ಣದ ಬಟ್ಟೆ ಕವರು. ಸಾಧ್ಯ ಇದ್ದರೆ ಬಿಸಿಲು ಹೊತ್ತಿನ ಟ್ರಾನ್ಸಿಟ್ ತಪ್ಪಿಸಿ, ರಾತ್ರಿದು ನೋಡಿ.

ಅನುಮಂದ್ರ
ಒಳ್ಳೆ ಮಾಹಿತಿ. ಹಾಗಾದರೆ ಸೀಟು ಕೊಂಡರೆ ಈ ಎಲ್ಲ ತಲೆನೋವು ತಪ್ಪುತ್ತಾ?

ಬೆಲ್ಟ್_ನಂಬರ್_9
ಏಟು ತಪ್ಪುತ್ತೆ, ಬೇರೆ ತಲೆನೋವು ಬರುತ್ತೆ. ಪಟ್ಟಿ ಕೊಡ್ತೀನಿ.

ಒಂದು, ಆನ್‌ಲೈನಲ್ಲಿ ಸುಮ್ಮನೆ ಎರಡು ಸೀಟು ಬುಕ್ ಮಾಡಬೇಡಿ. ಫೋನ್ ಮಾಡಿ "ಕ್ಯಾಬಿನ್ ಸೀಟ್ ಬ್ಯಾಗೇಜ್" ಅಂತ ಕೇಳಿ, ಟಿಕೆಟಲ್ಲಿ ಸಿಬಿಬಿಜಿ ಅನ್ನೋ ಕೋಡ್ ಬರಬೇಕು. ಅದಿಲ್ಲದಿದ್ದರೆ ಗೇಟಲ್ಲಿ ಅದು ಖಾಲಿ ಸೀಟು, ಬೇರೆಯವರಿಗೆ ಕೊಟ್ಟುಬಿಡಬಹುದು.

ಎರಡು, ಸೀಟಿನ ಎರಡು ಕೈಯಾಸರೆ ನಡುವೆ ಎಕಾನಮಿಯಲ್ಲಿ 43ರಿಂದ 46 ಸೆಂ.ಮೀ. ನಿಮ್ಮ ಕೊಡವೇ 38. ಫೈಬರ್ ಪೆಟ್ಟಿಗೆ ಸಮೇತ ಕೂರೋದು ಅನುಮಾನ. ದಪ್ಪ ಪ್ಯಾಡಿನ ಮೆತ್ತನೆ ಚೀಲವೇ ಬೇಕು. ಕೊಡ ಕೆಳಗೆ, ಯಾಳಿ ಮೇಲೆ, ಕಿಟಕಿ ಪಕ್ಕ, ಬೆಲ್ಟ್ ಎಕ್ಸ್‌ಟೆಂಡರ್ ಹಾಕಿ ಎರಡು ಕಡೆ ಕಟ್ಟು. ತುರ್ತು ಬಾಗಿಲ ಸಾಲಲ್ಲಿ ಕೊಡಲ್ಲ.

ಮೂರು, ಭದ್ರತಾ ತಪಾಸಣೆ. ಕ್ಯಾಬಿನ್ ಸಾಮಾನಿನ ಸಾಮಾನ್ಯ ಎಕ್ಸ್‌ರೇ ಸುರಂಗ ಸುಮಾರು 60×40 ಸೆಂ.ಮೀ. ಮೆತ್ತನೆ ಚೀಲದಲ್ಲಿ ಕೊಡ ಮಲಗಿಸಿದರೆ ತೂರುತ್ತೆ, ಪೆಟ್ಟಿಗೆ ಸಮೇತ ತೂರಲ್ಲ. ಕೈಯಲ್ಲೇ ತಪಾಸಣೆ ಮಾಡಿಸೋಕೆ ಹೆಚ್ಚಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಚೆಲ್ಲೊಗೆ ಸೀಟು ಕೊಡೋ ಕಂಪನಿಯಾದರೆ ವೀಣೆಗೂ ಕೊಡುತ್ತೆ, ಉದ್ದ ಹೆಚ್ಚು ಕಡಿಮೆ ಅಷ್ಟೇ. ಫೋನಲ್ಲಿ "ವೀಣೆ" ಅಂದರೆ ಅರ್ಥ ಆಗದಿದ್ದರೆ "ಚೆಲ್ಲೊ ಅಳತೆಯ ವಾದ್ಯ" ಅನ್ನಿ, ಅಳತೆಯನ್ನು ಸೆಂಟಿಮೀಟರಲ್ಲೇ ಹೇಳಿ.

ಹಲಸಿನ_ತೊಳೆ
ವೀಣೆಗೆ ಊಟ ಕೊಡ್ತಾರಾ?

ಬೆಲ್ಟ್_ನಂಬರ್_9
ಕೊಡಲ್ಲ. ಅದರ ಟಿಕೆಟ್ಟಿಗೆ ಬ್ಯಾಗೇಜ್ ಮಿತಿಯೂ ಸಾಮಾನ್ಯವಾಗಿ ಸಿಗಲ್ಲ.

ಜಿಲ್ಲಾಧಿಕಾರಿ_ಅಲ್ಲ
ಅಮೆರಿಕದಲ್ಲಿ ಕಾನೂನೇ ಇದೆ, ವಾದ್ಯ ಬಿಡಲೇಬೇಕು ಅಂತ. ಅದನ್ನ ಪ್ರಿಂಟ್ ತಗೊಂಡು ಹೋಗಿ ತೋರಿಸಿ.

ಓಹಾಯೋ_ಒಗ್ಗರಣೆ
ಅರ್ಧ ಸರಿ. 2012ರ ಎಫ್‌ಎಎ (ಅಮೆರಿಕದ ವಿಮಾನಯಾನ ಆಡಳಿತ) ಕಾಯ್ದೆಯ ಕೆಳಗೆ ಬಂದ ನಿಯಮ, 2015ರ ಮಾರ್ಚಿಂದ ಜಾರಿ. ಆದರೆ ಅದು ಅಮೆರಿಕದ ವಿಮಾನ ಕಂಪನಿಗಳಿಗೆ ಮಾತ್ರ. ಭಾರತದ, ಕೊಲ್ಲಿಯ, ಯುರೋಪಿನ ಕಂಪನಿಗೆ ತೋರಿಸಿದರೆ ನಗ್ತಾರೆ. ಕೋಡ್‌ಶೇರ್ (ಒಂದು ಕಂಪನಿ ಮಾರಿ ಇನ್ನೊಂದು ಹಾರಿಸೋ) ಟಿಕೆಟಾದರೆ ವಿಮಾನ ಹಾರಿಸೋ ಕಂಪನಿ ಯಾವುದು ಅಂತ ನೋಡಿ.

ನಿಯಮ ಹೇಳೋದು: ಪಿಟೀಲು, ಗಿಟಾರಿನಂಥ ಸಣ್ಣ ವಾದ್ಯ, ಹತ್ತುವ ಹೊತ್ತಿಗೆ ತಲೆ ಮೇಲಿನ ಸಾಮಾನು ಗೂಡಲ್ಲಿ (ಬಿನ್) ಜಾಗ ಇದ್ದರೆ ಬಿಡಬೇಕು. ವೀಣೆ ಇದಕ್ಕೆ ಬರಲ್ಲ, ಕೊಡದ ಆಳಕ್ಕೆ ಯಾವ ಬಿನ್ನೂ ಮುಚ್ಚಲ್ಲ. ಚೆಕ್-ಇನ್ ಆದರೆ ಉದ್ದ, ಅಗಲ, ಎತ್ತರ ಕೂಡಿಸಿ 150 ಇಂಚು, ತೂಕ 165 ಪೌಂಡ್ ಒಳಗೆ ಇರೋ ವಾದ್ಯವನ್ನು, ವಿಮಾನದಲ್ಲಿ ಹಿಡಿಸುವಂತಿದ್ದರೆ, ತಗೋಬೇಕು. ಶುಲ್ಕ ಇಲ್ಲ ಅಂತ ಎಲ್ಲೂ ಹೇಳಿಲ್ಲ. ನಿಮ್ಮದು ಹೇಗಿದ್ದರೂ 90 ಇಂಚು ದಾಟಲ್ಲ, ಆದರೆ ಮಾಮೂಲಿ ಬ್ಯಾಗಿನ 62 ಇಂಚು ಖಂಡಿತ ದಾಟುತ್ತೆ. ಓವರ್‌ಸೈಜ್ ದುಡ್ಡು ಬೀಳಬಹುದು.

ಕಲಬುರ್ಗಿ_ಖಡಕ್
ಅಲ್ರೀ, ಫೈಬರ್ ಬಿಟ್ಟು ಪ್ಲೈವುಡ್ ಫ್ಲೈಟ್‌ಕೇಸ್ ಮಾಡಸ್ರಿ. ತಬಲಾ, ಹಾರ್ಮೋನಿಯಂ ಎಲ್ಲಾ ಅದ್ರಾಗೇ ಹೋಗ್ತಾವ.

ಖರಹರ_22
ತೂಕ ಲೆಕ್ಕ ಹಾಕಿ ನೋಡಿ. ಹೊರ ಅಳತೆ 135×48×42 ಸೆಂ.ಮೀ. ಅಂದರೆ ಆರೂ ಬದಿ ಸೇರಿ 2.8 ಚದರ ಮೀಟರ್. 6 ಮಿ.ಮೀ. ಪ್ಲೈವುಡ್ ಚದರ ಮೀಟರಿಗೆ ಸುಮಾರು 4 ಕೆ.ಜಿ., ಬರೀ ಹಲಗೆಯೇ 11. ಅಲ್ಯುಮಿನಿಯಂ ಅಂಚು, ಮೂಲೆ, ಚಕ್ರ, ಚಿಲಕ 5 ಕೆ.ಜಿ. ಫೋಮ್ 2. ವೀಣೆ ಏಳೂವರೆ. ಒಟ್ಟು ಇಪ್ಪತ್ತೈದೂವರೆ. 23 ದಾಟಿತು, ಓವರ್‌ಸೈಜ್ ಜೊತೆ ಓವರ್‌ವೆಯ್ಟ್ ದುಡ್ಡೂ ಬಂತು. ಫೈಬರ್ ಪೆಟ್ಟಿಗೆ 10, ಒಳ್ಳೆ ಫೋಮ್ 2, ವೀಣೆ ಸೇರಿ ಹತ್ತೊಂಬತ್ತೂವರೆ. ಸೋರೆಬುರುಡೆ, ಒಂದು ಸೀರೆ ಹಾಕಿದರೂ 23ರೊಳಗೆ.

ಕಲಬುರ್ಗಿ_ಖಡಕ್
ರೊಕ್ಕದ ಲೆಕ್ಕ ಸರಿ ಐತಿ. ಆದ್ರ ಫೈಬರ್ ಮ್ಯಾಲ ಮತ್ತೊಬ್ಬರ ಸೂಟ್‌ಕೇಸು ನಾಕೈದು ಹೇರಿದ್ರ ಬಗ್ಗತದ. ಪ್ಲೈವುಡ್ ಬಗ್ಗಂಗಿಲ್ಲ.

ಖರಹರ_22
ಅದು ನಿಜ. ತೆಳು ಫೈಬರ್ ಮುಚ್ಚಳ ನಡುವೆ ಬಗ್ಗುತ್ತೆ. ಒಳಗಡೆ ಮುಚ್ಚಳಕ್ಕೆ ಅಡ್ಡಡ್ಡ ಎರಡು ಪಟ್ಟಿ ಫೈಬರ್ ಹಾಕಿಸಿ, ಒಂದು ಕೊಡದ ಮುಂದೆ, ಇನ್ನೊಂದು ದಂಡಿ ನಡುವೆ. ತೂಕ ಅರ್ಧ ಕೆ.ಜಿ. ಹೆಚ್ಚಾಗಬಹುದು. ಚಕ್ರ ಕೊಡದ ಕಡೆಗೇ ಇರಲಿ, ಎರಡೂ ತುದಿಗೆ ಮತ್ತು ಒಂದು ಬದಿಗೆ ಹಿಡಿಕೆ ಇರಲಿ. ಹಿಡಿಕೆ ಇದ್ದರೆ ಎತ್ತುತ್ತಾರೆ, ಇಲ್ಲದಿದ್ದರೆ ಉರುಳಿಸ್ತಾರೆ.

ಕಡಲತಡಿ
ಒಂದು ಸಂಶಯ. ಸೋರೆಬುರುಡೆ ಒಳಗೇ ಇಡುದಾ, ಬೇರೆಯಾ?

ಬಿರಡೆ_ತಿರುವು
ಈಗಿನ ಹೆಚ್ಚಿನವು ಕಾಗದದ ತಿರುಳಿನದ್ದು ಅಥವಾ ಫೈಬರ್. ಅದಾದರೆ ಕಳಚಿ, ಬಟ್ಟೆ ತುಂಬಿ, ಪೆಟ್ಟಿಗೆಯಲ್ಲೇ ದಂಡಿ ಅಡಿ ಪ್ರತ್ಯೇಕ ಗುಂಡಿಯಲ್ಲಿ ಇಡಿ. ನಿಜವಾದ ಒಣ ಸೋರೆಯಾದರೆ ಕೈಸಾಮಾನಲ್ಲಿ. ತಿರುಪನ್ನು ಜಿಪ್ ಚೀಲಕ್ಕೆ ಹಾಕಿ ದಂಡಿಗೇ ಕಟ್ಟಿ, ಪೆಟ್ಟಿಗೆಯೊಳಗೆ ಸಡಿಲ ಬಿಟ್ಟ ತಿರುಪು ಕೊಡದ ಮೇಲೆ ಗೀರು ಹಾಕುತ್ತೆ.

ಮೃದಂಗ_ಮಠ
ಸೋರೆ ಅಂದ ತಕ್ಷಣ: ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಹೋಗೋರು ಮರ, ಸೋರೆ, ಚರ್ಮ ಎಲ್ಲವನ್ನೂ ಫಾರ್ಮಲ್ಲಿ ಬರೆದು ತೋರಿಸಲೇಬೇಕು. ಒಳಗೆ ಒಂದು ಬೀಜ ಗಲಗಲ ಅಂದರೂ, ಮರದಲ್ಲಿ ಹುಳ ಕೊರೆದ ತೂತಿದ್ದರೂ ನಿಲ್ಲಿಸ್ತಾರೆ. ಮೃದಂಗದ ಚರ್ಮದಲ್ಲಿ ಕೂದಲು ಉಳಿದಿರಬಾರದು.

ಮೃದಂಗದವರು ಈಗ ಹೊರದೇಶಕ್ಕೆ ನಟ್-ಬೋಲ್ಟ್‌ನದ್ದೇ ಒಯ್ಯೋದು. ಬಾರಿನದ್ದಾದರೆ ಒಣ ಹವೆಗೆ ಚರ್ಮ ಬಿಗಿದು ಶ್ರುತಿ ಏರಿಬಿಡುತ್ತೆ, ಅಲ್ಲಿ ಬಾರು ಎಳೆದು ಕೊಡೋರು ಸಿಗಲ್ಲ. ಇನ್ನು ಎಡಭಾಗಕ್ಕೆ ಕಲಸಿ ಹಚ್ಚೋ ರವೆ: ಅಮೆರಿಕದ ವಿಮಾನಕ್ಕೆ 350 ಮಿ.ಲೀ.ಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಹೆಚ್ಚುವರಿ ತಪಾಸಣೆ. ಚೆಕ್-ಇನ್ ಬ್ಯಾಗಿಗೆ ಹಾಕಿ, ಅಥವಾ ಅಲ್ಲೇ ಇಂಡಿಯನ್ ಅಂಗಡೀಲಿ ತಗೊಳ್ಳಿ.

ಹಲಸಿನ_ತೊಳೆ
ಉಳಿದ ರವೇಲಿ ಉಪ್ಪಿಟ್ಟು.

ಜಿಲ್ಲಾಧಿಕಾರಿ_ಅಲ್ಲ
ಘಟದವರು ಏನು ಮಾಡ್ತಾರೆ?

ಮೃದಂಗ_ಮಠ
ಎರಡು ಒಯ್ತಾರೆ.

ಸಿಂಪಾಡಿಪುರ_ರಸ್ತೆ
ಹಳೇ ಮೈಸೂರು ವೀಣೆ ಇರೋರಿಗೆ ಎಚ್ಚರಿಕೆ. ದಂಡಿ, ಕೊಡದ ಅಂಚಿನ ಬಿಳಿ ಕುಸುರಿ ಈಗ ಪ್ಲಾಸ್ಟಿಕ್, ಆದರೆ ಹಿಂದಿನ ಕಾಲದ್ದು ಆನೆದಂತ ಅಥವಾ ಜಿಂಕೆ ಕೊಂಬು ಇರಬಹುದು. ಅದನ್ನು ದೇಶದಾಚೆ ಒಯ್ಯಲೇ ಬೇಡಿ. 1972ರ ವನ್ಯಜೀವಿ ಕಾಯ್ದೆ ಇಲ್ಲೇ ಹಿಡಿಯುತ್ತೆ, ಅಲ್ಲಿ ಸೈಟಿಸ್ (ಅಪಾಯದಲ್ಲಿರೋ ಪ್ರಾಣಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಹಿಡಿಯುತ್ತೆ. ಭೂತಗನ್ನಡಿಯಲ್ಲಿ ನೋಡಿ: ದಂತದಲ್ಲಿ ಒಂದಕ್ಕೊಂದು ಹಾಯುವ ಸಣ್ಣ ಕಮಾನು ಗೆರೆ ಕಾಣುತ್ತೆ, ಪ್ಲಾಸ್ಟಿಕ್‌ನಲ್ಲಿ ಕಾಣಲ್ಲ.

ಬೀಟೆ ಮರದ್ದಾದರೆ ಭಯ ಬೇಡ. 2017ರಲ್ಲಿ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ ಪಟ್ಟಿಗೆ ಬಂದಿದ್ದವು, ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ವಿನಾಯಿತಿ ಇದೆ. ನೂರು ವರ್ಷ ದಾಟಿದ ವೀಣೆ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತೆ. ನೂರಾಗಿಲ್ಲ ಆದರೆ ಹಳೇದಾಗಿ ಕಾಣುತ್ತೆ ಅಂದರೆ ಪುರಾತತ್ವ ಇಲಾಖೆಯಿಂದ "ಪ್ರಾಚ್ಯವಸ್ತು ಅಲ್ಲ" ಅನ್ನೋ ಪತ್ರ ಮುಂಚೆಯೇ ತಗೊಳ್ಳಿ.

ಓಹಾಯೋ_ಒಗ್ಗರಣೆ
ಅನುಮಂದ್ರ ಅವರೆ, ದಾರಿ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಮೊದಲು ಇಳಿಯೋ ಊರಲ್ಲಿ ಸಾಮಾನ್ಯವಾಗಿ ಸಾಮಾನು ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಅದು ಷಿಕಾಗೋ ಆದರೆ ಮತ್ತೆ ಕೊಡಬೇಡಿ. ಅಲ್ಲಿಂದ ಕ್ಲೀವ್‌ಲ್ಯಾಂಡ್ ಕಾರಲ್ಲಿ ಸುಮಾರು 550 ಕಿ.ಮೀ., ಆರು ಗಂಟೆ. ಡೆಟ್ರಾಯಿಟ್ ಆದರೆ ಅದರ ಅರ್ಧ. ಸಣ್ಣ ವಿಮಾನದಲ್ಲಿ ಕಂಟೇನರ್ ಇರಲ್ಲ, ಒಂದೊಂದೇ ಬ್ಯಾಗು ಕೈಯಿಂದ ಎಸೆದು ಪೇರಿಸೋದು. ದೊಡ್ಡ ವಿಮಾನದಲ್ಲಿ ಏಟು ಕಡಿಮೆ. ಇಲ್ಲೂ ಅಷ್ಟೇ, ಮೈಸೂರು ಏರ್‌ಪೋರ್ಟಿಂದ ಎಟಿಆರ್ ಅನ್ನೋ ಸಣ್ಣ ವಿಮಾನ ಹತ್ತೋ ಬದಲು ಬೆಂಗಳೂರಿಗೆ ಕಾರಲ್ಲೇ ಬನ್ನಿ.

ಬೆಲ್ಟ್ ಹತ್ತಿರ ಕಾಯಬೇಡಿ, ವೀಣೆ ಓವರ್‌ಸೈಜ್ ಬಾಗಿಲಲ್ಲಿ ಬರುತ್ತೆ. ಅಲ್ಲೇ ತೆರೆದು ನೋಡಿ.

ಜಿಲ್ಲಾಧಿಕಾರಿ_ಅಲ್ಲ
ಮುರಿದಿದ್ದರೆ ದುಡ್ಡು ಕೊಡ್ತಾರಾ?

ಓಹಾಯೋ_ಒಗ್ಗರಣೆ
ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಬ್ಬರ ಸಾಮಾನಿಗೆ ಮಿತಿ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ), 2024ರ ಡಿಸೆಂಬರ್ 28ರಿಂದ. ಹತ್ತಿರ ಹತ್ತಿರ ಎರಡು ಸಾವಿರ ಡಾಲರ್. ಅದು ಗರಿಷ್ಠ, ತಾನಾಗೇ ಸಿಗೋ ಮೊತ್ತ ಅಲ್ಲ. ಹಾನಿಯನ್ನು 7 ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು, ಏರ್‌ಪೋರ್ಟ್ ಬಿಡೋ ಮುಂಚೆ ಕೊಟ್ಟರೆ ಒಳ್ಳೇದು. ಚೆಕ್-ಇನ್ ಕೌಂಟರಲ್ಲಿ "ಲಿಮಿಟೆಡ್ ರಿಲೀಸ್" (ಕಂಪನಿಯ ಹೊಣೆ ಕಡಿಮೆ ಮಾಡೋ) ಟ್ಯಾಗಿಗೆ ಸಹಿ ಕೇಳ್ತಾರೆ. ಓದಿ ಸಹಿ ಮಾಡಿ. ಪ್ಯಾಕಿಂಗ್ ಸರಿಯಿಲ್ಲ ಅನ್ನೋ ಕಡೆ ಗುರುತು ಹಾಕಿದ್ದರೆ ಆಮೇಲೆ ವಾದ ಮಾಡೋಕೆ ಜಾಗ ಇರಲ್ಲ. ತೆರೆದ ಪೆಟ್ಟಿಗೆಯ ಫೋಟೊವನ್ನು ಕೌಂಟರ್ ಮುಂದೆಯೇ ತೆಗೆಯಿರಿ.

ಬೆಲ್ಟ್_ನಂಬರ್_9
ಪ್ಲಾಸ್ಟಿಕ್ ಸುತ್ತಿಸೋರಿಗೆ: ಅಮೆರಿಕದಲ್ಲಿ ಟಿಎಸ್‌ಎಯವರು (ಏರ್‌ಪೋರ್ಟ್ ಭದ್ರತೆಯವರು) ತೆರೀಬೇಕು ಅಂದರೆ ಕುಯ್ದು ತೆರೀತಾರೆ, ಮತ್ತೆ ಸುತ್ತಲ್ಲ. ಟಿಎಸ್‌ಎ ಬೀಗ (ಅವರ ಕೀಲಿಗೆ ತೆರೆಯೋದು), ಎರಡು ಬೆಲ್ಟು ಸಾಕು. ಮುಚ್ಚಳದ ಒಳಗೆ ಇಂಗ್ಲಿಷಲ್ಲಿ ದೊಡ್ಡ ಅಕ್ಷರದ ಮೂರೇ ಸಾಲು ಮತ್ತು ಸರಿಯಾಗಿ ಇಟ್ಟ ವೀಣೆಯ ಬಣ್ಣದ ಫೋಟೊ ಅಂಟಿಸಿ: ಕೊಡ ಹಿಡಿದು ಎತ್ತಿ, ದಂಡಿ ಹಿಡಿಯಬೇಡಿ, ಫೋಟೊದಲ್ಲಿ ಇರೋ ಹಾಗೇ ಇಡಿ. ಟ್ರ್ಯಾಕರ್ ಪೆಟ್ಟಿಗೆಯೊಳಗೆ ಇರಲಿ, ನಾಣ್ಯದಂಥ ಬ್ಯಾಟರಿಗೆ ತೊಂದರೆ ಇಲ್ಲ. ಪಿಕಪ್, ಪ್ರಿಆಂಪ್ ಇದ್ದರೆ ಬಿಡಿ ಲಿಥಿಯಂ ಬ್ಯಾಟರಿ, ಪವರ್‌ಬ್ಯಾಂಕ್ ಎಲ್ಲ ಕ್ಯಾಬಿನ್ನಿಗೆ. ತಂತಿ ಕತ್ತರಿಸೋ ಇಕ್ಕಳ, ಮೇಣದ ಉಂಡೆ ಚೆಕ್-ಇನ್‌ಗೆ. ಕೈಚೀಲದಲ್ಲಿ ಕಪ್ಪು ಮೇಣದ ಉಂಡೆ ಎಕ್ಸ್‌ರೇಯಲ್ಲಿ ಕಂಡರೆ ವಿವರಣೆ ಕೊಡ್ತಾ ನಿಲ್ಲಬೇಕಾಗುತ್ತೆ.

ಖರಹರ_22
ತಲುಪಿದ ಮೇಲೆ: ಪೆಟ್ಟಿಗೆ ತಕ್ಷಣ ಪೂರ್ತಿ ತೆರೆದಿಡಬೇಡಿ. ಏಟಿನ ತಪಾಸಣೆ ಮುಗಿಸಿ ಮುಚ್ಚಿ, ಕೋಣೆಯ ಬಿಸಿಗೆ ಹೊಂದಿಕೊಳ್ಳಲು ನಾಲ್ಕಾರು ಗಂಟೆ ಬಿಡಿ. ಏಪ್ರಿಲಲ್ಲಿ ಅಲ್ಲಿ ಹೀಟರ್ ಇನ್ನೂ ಓಡ್ತಿರುತ್ತೆ, ಹವೆ ಬಹಳ ಒಣ. 49% ತೇವಾಂಶ ಕಾಯ್ದುಕೊಳ್ಳೋ ಎರಡು ಪ್ಯಾಕೆಟ್ ಪೆಟ್ಟಿಗೆಯಲ್ಲಿ ಇರಲಿ, ಹೀಟರ್ ಗಾಳಿಕಂಡಿ ಹತ್ತಿರ ವೀಣೆ ಇಡಬೇಡಿ. ಬಿರಡೆ ಮರ ಕುಗ್ಗಿ ಜಾರುತ್ತೆ, ಸೀಮೆಸುಣ್ಣ ಜೊತೆಗಿರಲಿ. ತಂತಿ ಒಂದೇ ಏಟಿಗೆ ಏರಿಸಬೇಡಿ. ಮೊದಲು ಅನುಮಂದ್ರ, ಮಂದ್ರ ಅರ್ಧ ದಾರಿ, ಆಮೇಲೆ ಪಂಚಮ, ಸಾರಣಿ, ಕೊನೆಗೆ ತಾಳದ ತಂತಿ. ಕುದುರೆ ಪೆನ್ಸಿಲ್ ಗೆರೆ ಮೇಲೇ ಇದೆಯಾ ನೋಡಿ ಮತ್ತೊಂದು ಸುತ್ತು.

ಒಂದೆರಡು ಮೆಟ್ಟಿಲು ಎದ್ದಿದ್ದರೆ ಮೇಣ ಪೂರ್ತಿ ಕರಗಿಸಬೇಡಿ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಮೆಟ್ಟಿಲಿಗೇ ಹಿಡಿದು, ಹಿತ್ತಾಳೆ ಬಿಸಿಯಾದಾಗ ಅದರ ಹಳೇ ಗುಳಿಯಲ್ಲೇ ಒತ್ತಿ ಕೂರಿಸಿ.

ಅನುಮಂದ್ರ
ಚೆಕ್-ಇನ್ ಅಂತ ತೀರ್ಮಾನ ಆಯ್ತು. ಫೈಬರ್ ಪೆಟ್ಟಿಗೆಗೆ ಅಡ್ಡಪಟ್ಟಿ, ಇಪಿಇ ಫೋಮ್, ಷಿಕಾಗೋದಿಂದ ಕಾರು. ಹಿಂದಿರುಗುವಾಗ ಬೆಂಗಳೂರು ಕಸ್ಟಮ್ಸಲ್ಲಿ ಏನಾದರೂ ಕೇಳ್ತಾರಾ?

ಸಿಂಪಾಡಿಪುರ_ರಸ್ತೆ
ಹಳೇ ವಾದ್ಯಕ್ಕೆ ಸಾಮಾನ್ಯವಾಗಿ ಏನೂ ಕೇಳಲ್ಲ. ಪಿಕಪ್, ಆಂಪ್ ಅಂತ ಬೆಲೆಬಾಳೋದು ಜೊತೆಗಿದ್ದರೆ ಹೊರಡೋ ದಿನವೇ ಕಸ್ಟಮ್ಸ್ ಕೌಂಟರಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ, ಸೀರಿಯಲ್ ನಂಬರ್ ಸಮೇತ. ಸಾಮಾನು ಕಣ್ಣಾರೆ ನೋಡಿಯೇ ಬರೆದುಕೊಡೋದು, ಹಾಗಾಗಿ ಪೆಟ್ಟಿಗೆ ಏರ್‌ಲೈನ್ಸ್‌ಗೆ ಒಪ್ಪಿಸೋ ಮುಂಚೆ ಹೋಗಿ.